ಮಾಳಿಗೆಯ ಮೇಲಿನ ಮೀಟರು

ಮಡಿವಾಳಪ್ಪನವರ ಮಾನ ಹೋಗುವುದಕ್ಕೆ ಕಾರಣವಾದದ್ದು ಪಕ್ಕದ ಮನೆಯ ರಾಜಶೇಖರನ ಸ್ಕೂಟರು. 2002ರ ಬೇಸಿಗೆಯ ಒಂದು ಬೆಳಿಗ್ಗೆ, ಕಮರಿಪೇಟೆಯ ಓಣಿಯಲ್ಲಿ ಅವನು ಗಾಡಿ ನಿಲ್ಲಿಸಿ, "ಬರ್ರಿ ಕಾಕಾ, ನಾನೂ ಧಾರವಾಡಕ್ಕ ಹೊಂಟೇನಿ. ಬಸ್ಸಿನ್ಯಾಗ ಯಾಕ ಒದ್ದಾಡ್ತೀರಿ?" ಎಂದು ಪ್ರೀತಿಯಿಂದ ಕರೆದ. ಇವರು ಹಿಂದೆ ಕುಳಿತರು. ಧಾರವಾಡದ ಕಚೇರಿ ಮುಟ್ಟಿ, ಕುರ್ಚಿಯಲ್ಲಿ ಕುಳಿತು, ಅಂಗಿಯ ಕಿಸೆಗೆ ಕೈ ಹಾಕಿದರು. ಕಿಸೆಯಲ್ಲಿ ಬಸ್ ಟಿಕೆಟ್ ಇರಲಿಲ್ಲ.

ಟಿಕೆಟ್ ಇಲ್ಲದೆ ಅಂದಿನ ವಿಕಿರಣ ಎಷ್ಟೆಂದು ಬರೆಯುವುದು ಹೇಗೆ?

ಕರಾವಳಿಯ ಕಡೆ ಅಣು ವಿದ್ಯುತ್ ಸ್ಥಾವರ ಶುರುವಾದ ಮೇಲೆ, ಸುರಕ್ಷತೆಯ ಮೇಲ್ವಿಚಾರಣೆ ಬಿಗಿಯಾಗಬೇಕೆಂದು ಸರ್ಕಾರ ದೂರದ ಊರುಗಳಲ್ಲೂ ಗಾಳಿಯ ವಿಕಿರಣ ಅಳೆಯುವ ಮೀಟರುಗಳನ್ನು ಇಡಿಸಿತ್ತು. ಧಾರವಾಡದ ಪಾಲಿನದು ಮಡಿವಾಳಪ್ಪನವರ ಕಚೇರಿಯ ಮಾಳಿಗೆಯ ಮೇಲೆ, ಒಂದು ಬಿಳಿ ಪೆಟ್ಟಿಗೆಯಲ್ಲಿ ಕುಳಿತಿತ್ತು. ದಿನಾ ನಲವತ್ತೆರಡು ಮೆಟ್ಟಿಲು ಹತ್ತಿ ಅಂಕಿ ನೋಡಬೇಕು, ರಿಜಿಸ್ಟರಿನಲ್ಲಿ ಬರೆದು ಸಹಿ ಮಾಡಬೇಕು, ಮೇಲಿನ ಕಚೇರಿಗೆ ಫ್ಯಾಕ್ಸ್ ಕಳಿಸಬೇಕು. ಮೊದಲ ತಿಂಗಳು ಮಡಿವಾಳಪ್ಪನವರು ಭಕ್ತಿಯಿಂದ ಹತ್ತಿದರು. ಮೀಟರು ಮಾತ್ರ ಹೊಸ ಸೊಸೆಯ ಹಾಗೆ ದಿನಾ ಒಂದೇ ಮಾತು ಆಡುತ್ತಿತ್ತು: ಸೊನ್ನೆ ದಶಾಂಶ ಒಂದು, ಅದರ ಮುಂದೆ ಯಾವುದೋ ಒಂದು ಅಂಕಿ. ಎರಡನೇ ತಿಂಗಳು ಮೊಣಕಾಲು ತಕರಾರು ತೆಗೆಯಿತು. ಆಗ ಅವರು ಕುರ್ಚಿಯಲ್ಲೇ ಕುಳಿತು 0.1 ಎಂದು ಬರೆದು, ಮುಂದೆ ಅಂದಿನ ಬಸ್ ಟಿಕೆಟ್ಟಿನ ಕೊನೆಯ ಅಂಕಿ ಇಡತೊಡಗಿದರು. ಖರೇ ಮೀಟರಿನಂತೆಯೇ ಏರಿಳಿತ. ಒಂದೂವರೆ ವರ್ಷ ಯಾರೂ ಕೇಳಲಿಲ್ಲ.

ಕಚೇರಿಯ ಓಣಿಯವರಿಗೆ ಅವರು 'ಮೀಟರ್ ಸಾಹೇಬ್ರು'. ಎದುರಿನ ಚಹಾದಂಗಡಿಯ ಅಮೀನಸಾಬ ದಿನಾ ಕೇಳುತ್ತಿದ್ದ: "ಸಾಹೇಬ್ರ, ಇವತ್ತು ಗಾಳಿ ಹೆಂಗೈತ್ರಿ?"

"ಅಂಜಬ್ಯಾಡೋ, ನಾ ಇದ್ದೇನಲ್ಲಾ."

ಹೀಗೆನ್ನುವಾಗ ಅವರು ಅವನ ಮುಖ ನೋಡುತ್ತಿರಲಿಲ್ಲ, ಬಿಸ್ಕೀಟಿನ ಬರಣಿ ನೋಡುತ್ತಿದ್ದರು.

ಇಂದು ತಲೆಯಿಂದ ಒಂದು ಅಂಕಿ ಹುಟ್ಟಿಸಬಹುದಿತ್ತು. ಆದರೆ ಅದು ಸುಳ್ಳಾಗುತ್ತದೆಂದು ಅವರ ಮನಸ್ಸು ಒಪ್ಪಲಿಲ್ಲ. ಟಿಕೆಟ್ಟಿನದಾದರೆ ಎಷ್ಟೆಂದರೂ ಸರ್ಕಾರ ಅಚ್ಚು ಹಾಕಿಸಿದ ಅಂಕಿ. ಉಪ್ಪಿನಬೆಟಗೇರಿಯಿಂದ ಬರುವ ಜವಾನ ಹೊಳೆಯಪ್ಪನನ್ನು ಕರೆದರು.

"ನಿನ್ನ ಬಸ್ ಟಿಕೆಟ್ ಐತೇನೋ? ಅದರ ಮ್ಯಾಲಿನ ನಂಬರ್ ಹೇಳು."

ಹೊಳೆಯಪ್ಪ ಟಿಕೆಟ್ಟಿನಲ್ಲಿ ಎಲ್ಲಕ್ಕಿಂತ ದಪ್ಪಗೆ ಕಂಡದ್ದನ್ನು ಓದಿದ. "ಏಳು ಪಾಯಿಂಟ್ ಐದು ಸೊನ್ನಿರಿ."

ಅಷ್ಟರಲ್ಲಿ ಚಹಾ ಬಂತು. ಒಂದು ಕೈಯಲ್ಲಿ ಕಪ್ಪು-ಬಸಿ ಹಿಡಿದು, ಇನ್ನೊಂದು ಕೈಯಲ್ಲಿ ಕೇಳಿದ್ದನ್ನೇ ಬರೆದು ಸಹಿ ಎಳೆದರು. ಸಹಿ ಮಾಡುವ ಮೊದಲು ಓದುವ ರೂಢಿ ಅವರಿಗೆ ಎಂದೂ ಇರಲಿಲ್ಲ. ಹೊಳೆಯಪ್ಪ ತನ್ನ ಬಸ್ಸಿನ ದರವನ್ನು ತಾನೇ ಫ್ಯಾಕ್ಸ್ ಮಾಡಿದ.

ಹನ್ನೊಂದಕ್ಕೆ ಫೋನ್ ಬಂತು. ಮೇಲಿನ ಕಚೇರಿಯ ಅಧಿಕಾರಿ ಭಾಗ್ಯಶ್ರೀ. ಅಮ್ಮಿನಬಾವಿಯ ಹೆಣ್ಣುಮಗಳು, ಓದಿ ದೊಡ್ಡ ಹುದ್ದೆಗೆ ಏರಿದವಳು.

"ಮಡಿವಾಳಪ್ಪನವರ, ಏಳೂವರಿ? ದಿನಾ ಇರೂದಕ್ಕಿಂತ ಐವತ್ತು ಪಟ್ಟು ಹೆಚ್ಚಾತಲ್ರಿ! ನೀವ ಕಣ್ಣಾರೆ ನೋಡಿರೇನು?"

ನೋಡಿಲ್ಲ ಎಂದರೆ ಒಂದೂವರೆ ವರ್ಷದ ಕತೆ ಹೊರಬೀಳುತ್ತದೆ. ನಿವೃತ್ತಿಗೆ ಹದಿನಾಲ್ಕು ತಿಂಗಳು. ಇಡೀ ನೌಕರಿಯಲ್ಲಿ ಒಂದು ಮೆಮೋ ಇಲ್ಲ.

"ಹೌದ್ರಿ ಮೇಡಂ, ಕಣ್ಣಾರೆ ನೋಡೇನಿ" ಎಂದಿತು ನಾಲಿಗೆ.

"ಯಾರನ್ನೂ ಮಾಳಿಗಿ ಹತ್ತಾಕ ಬಿಡಬ್ಯಾಡ್ರಿ. ನಾನ ಹೊಂಟು ಬರ್ತೇನಿ, ಮೂರರೊಳಗ ಅಲ್ಲಿರ್ತೇನಿ."

ಹೊಳೆಯಪ್ಪ ಅಮೀನಸಾಬನಿಗೆ ಹೇಳಿದ, ಅಮೀನಸಾಬ ಇಡೀ ಓಣಿಗೆ ಹೇಳಿದ. ಅರ್ಧ ತಾಸಿನಲ್ಲಿ ಎಲ್ಲರ ಮೂಗಿನ ಮೇಲೂ ಒದ್ದೆ ಟವೆಲ್ಲು. ಅಮೀನಸಾಬ ಒಲೆಯ ಮೇಲಿದ್ದ ಹಾಲನ್ನೆಲ್ಲ ಗಟಾರಕ್ಕೆ ಸುರಿದ. ಕಚೇರಿಯ ಪಕ್ಕದ ಮನೆಯ ಶರಣವ್ವ ಮಗಳ ಮದುವೆಗೆಂದು ನಾಲ್ಕು ದಿನದಿಂದ ಇದೇ ಮಾಳಿಗೆಯ ಮೇಲೆ ಸಂಡಿಗೆ ಒಣಗಿಸಿ ಎರಡು ಡಬ್ಬಿ ತುಂಬಿದ್ದಳು. ಎರಡನ್ನೂ ಕಸದ ತೊಟ್ಟಿಗೆ ಬೋರಲು ಹಾಕಿದಳು.

"ಯವ್ವಾ, ಚೆಲ್ಲಬ್ಯಾಡ್ರಿ! ಏನೂ ಆಗಿರಂಗಿಲ್ಲ" ಎಂದು ಮಡಿವಾಳಪ್ಪನವರು ಓಡಿಬಂದರು.

"ನೀವ ಅಲ್ಲೇನ್ರಿ ಕಣ್ಣಾರೆ ನೋಡಿದವ್ರು? ಬೀಗರ ಹೊಟ್ಟಿಗೆ ಏನರ ಆದ್ರ ನನ್ನ ಮಗಳ ಗತಿ ಏನು?" ಎಂದು ಶರಣವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅವರಿಗೆ ನೆಲ ಬಿರಿದರೆ ಸಾಕಾಗಿತ್ತು. ಕದ್ದು ಮೇಲೆ ಹೋಗಿ ಮೀಟರನ್ನಾದರೂ ನೋಡೋಣವೆಂದರೆ, ಹೊಳೆಯಪ್ಪ ಮೆಟ್ಟಿಲಿಗೆ ಬೆಂಚು ಅಡ್ಡ ಹಾಕಿ ಕುಳಿತಿದ್ದ. "ಬ್ಯಾಡ್ರಿ ಸಾಹೇಬ್ರ, ನಿಮ್ಮ ಜೀವಾ ನಮಗ ಬೇಕು."

ಮೂರಕ್ಕೆ ಜೀಪು ಬಂತು. ಭಾಗ್ಯಶ್ರೀ ಬಗಲಲ್ಲಿ ಫೈಲು, ಕೈಯಲ್ಲಿ ಸಣ್ಣ ಮೀಟರು ಹಿಡಿದು ಸರಸರ ಹತ್ತಿದಳು. ಹಿಂದೆ ಮಡಿವಾಳಪ್ಪನವರು, ಕೊಯ್ಯಲು ಒಯ್ಯುವ ಕುರಿಯಂತೆ. ಮಾಳಿಗೆಯಲ್ಲಿ ಕೈಮೀಟರು 0.12 ತೋರಿಸಿತು. "ಗಾಳಿ ಸುದ್ದ ಐತಲ್ಲ!" ಎನ್ನುತ್ತ ಅವಳು ಬಿಳಿ ಪೆಟ್ಟಿಗೆಯ ಬಾಗಿಲು ತೆಗೆದಳು.

ಒಳಗೆ ಮೀಟರು ಇರಲಿಲ್ಲ. ಹಿಂಬದಿಯ ಒಡಕಿನಿಂದ ನುಗ್ಗಿದ ಪಾರಿವಾಳವೊಂದು ಎರಡು ಮೊಟ್ಟೆಗಳ ಮೇಲೆ ಕುಳಿತು ಇಬ್ಬರನ್ನೂ ವಿಚಾರಣೆ ಮಾಡುವಂತೆ ನೋಡಿತು.

ಮಡಿವಾಳಪ್ಪನವರು ತಲೆ ತಗ್ಗಿಸಿದರು. "ಮೇಡಂ, ನಾ ಮೀಟರ್ ನೋಡೇ ಇಲ್ರಿ. ದಿನಾ ಬಸ್ ಟಿಕೆಟ್ ನೋಡಿ ಬರದೇನಿ. ಇವತ್ತಿಂದು ಹೊಳೆಯಪ್ಪನ ಬಸ್ ಚಾರ್ಜ್ ಆಗಿರಬೇಕ್ರಿ."

ಬೈಗುಳ ಬರಲಿಲ್ಲ. ತಲೆ ಎತ್ತಿ ನೋಡಿದರೆ ಭಾಗ್ಯಶ್ರೀಯ ಮುಖವೂ ಬಿಳಿಚಿತ್ತು. ಅವಳು ಫೈಲು ಬಿಚ್ಚಿ ಒಂದು ಚೀಟಿ ತೋರಿಸಿದಳು.

"ಈ ಮೀಟರ್ ದೀಪಾವಳಿ ಮುಂದ ರಿಪೇರಿಗಂತ ನಾವ ಒಯ್ದಿದ್ವಿ. ಇಲ್ಲಿ ನಿಮ್ಮ ಸಹಿ ಐತಿ. ಅದು ಇನ್ನೂ ನನ್ನ ಕುರ್ಚಿ ಹಿಂದಿನ ಕಪಾಟಿನ್ಯಾಗ ಕುಂತೈತಿ."

"ಮತ್ತ ಆರು ತಿಂಗಳು ನಾ ಕಳಿಸಿದ ಅಂಕಿ?"

"ದಿನಾ 'ಪರಿಶೀಲಿಸಿದೆ' ಅಂತ ಸಹಿ ಮಾಡೇನಿ" ಎಂದು ಅವಳು ಪಾರಿವಾಳದ ಕಡೆ ನೋಡಿದಳು.

ಬಳಿಕ ಅವಳು ಕಟ್ಟೆಯ ಮೇಲೆ ಕುಳಿತು ಕಾರ್ಬನ್ ಇಟ್ಟು ಒಂದು ಹಾಳೆಯ ತುಂಬ ಬರೆದು ಮುಂದೆ ಹಿಡಿದಳು. "ಓದಿ ಸಹಿ ಮಾಡ್ರಿ."

ಮಡಿವಾಳಪ್ಪನವರಿಗೆ ಹೋದ ಜೀವ ಬಂದಂತಾಯಿತು. ಅವಳೂ ಸಿಕ್ಕಿಬಿದ್ದವಳೇ, ಹೇಗೋ ಮುಚ್ಚಿಹಾಕಿರಬೇಕು. ಆ ಖುಷಿಯಲ್ಲಿ ಓದಲು ಎಲ್ಲಿ ಪುರುಸೊತ್ತು? ಸಹಿ ಎಳೆದರು.

ಕೆಳಗೆ ಬಂದರೆ ಓಣಿಯೇ ನೆರೆದಿತ್ತು. ಅಮೀನಸಾಬ ಅವರ ಕೊರಳಿಗೆ ಮಲ್ಲಿಗೆ ಮಾಲೆ ಹಾಕಿ, "ಸಾಹೇಬ್ರು ನೋಡ್ಲಿಲ್ಲಂದ್ರ ಇವತ್ತ ನಾವ್ಯಾರೂ ಉಳೀತಿದ್ದಿಲ್ಲ" ಎಂದ. ಶರಣವ್ವ ಕೈಮುಗಿದಳು. ಮಾಲೆ ಕೊರಳಲ್ಲಿ ಒದ್ದೆ ಗೋಣಿಚೀಲದಷ್ಟು ಭಾರವಾಗಿತ್ತು.

ಭಾಗ್ಯಶ್ರೀ ಹಾಳೆಯ ಒಂದು ಪ್ರತಿಯನ್ನೂ ಕೈಮೀಟರನ್ನೂ ಹೊಳೆಯಪ್ಪನಿಗೆ ಕೊಟ್ಟಳು. "ಎಲ್ಲಾರಿಗೂ ಕೇಳೂಹಂಗ ಓದು."

ಹೊಳೆಯಪ್ಪ ಹೆಮ್ಮೆಯಿಂದ ಗಂಟಲು ಸರಿಮಾಡಿಕೊಂಡ. "'ಇಂದಿನ ಏಳೂವರೆ ಎಂಬುದು ಉಪ್ಪಿನಬೆಟಗೇರಿಯ ಬಸ್ ದರ. ಒಂದೂವರೆ ವರ್ಷದಿಂದ ನಾನು ಮಾಳಿಗೆ ಹತ್ತಿಲ್ಲ. ಮೀಟರು ಇಲ್ಲದ ಆರು ತಿಂಗಳು ಅಂಕಿಗಳನ್ನು ಸರಿಯೆಂದು ಒಪ್ಪಿದವಳು ಭಾಗ್ಯಶ್ರೀ. ಇಬ್ಬರೂ ಶಿಕ್ಷೆಗೆ ಸಿದ್ಧ. ನಾಳೆಯಿಂದ ದಿನಕ್ಕೆ ಮೂರು ಸಲ, ರವಿವಾರವೂ, ಓಣಿಯ ಒಬ್ಬ ಸಾಕ್ಷಿಯ ಎದುರು ಮಾಳಿಗೆ ಹತ್ತಿ ಕೈಮೀಟರಿನ ಅಂಕಿ ನೋಡುತ್ತೇನೆಂದು ಸಂಪೂರ್ಣ ಓದಿ ಸಹಿ ಮಾಡಿದ್ದೇನೆ...'" ಓದುತ್ತ ಓದುತ್ತ ಅವನ ದನಿ ಕೊನೆಗೆ ಅವನಿಗೇ ಕೇಳದಂತಾಯಿತು.

ಓಣಿಯವರು ಬೈದಿದ್ದರೆ ಹಗುರಾಗುತ್ತಿತ್ತು. ಅಮೀನಸಾಬ ಹೋಗಿ ಖಾಲಿ ಪಾತ್ರೆ ತಿಕ್ಕತೊಡಗಿದ. ಜೀಪು ಹೊರಟಿತು. ಮಡಿವಾಳಪ್ಪನವರು ಮಾಲೆ ತೆಗೆದು ಕೈಯಲ್ಲಿ ಹಿಡಿದು ನಿಂತರು. ಅದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಶರಣವ್ವ ಖಾಲಿ ಡಬ್ಬಿಗಳೆರಡನ್ನೂ ಅವರ ಮುಂದೆ ತಂದಿಟ್ಟಳು.

"ನಾಳಿಂದ ಮೂರು ಹೊತ್ತೂ ಮಾಳಿಗಿ ಹತ್ತಾವ್ರು ನೀವ. ಸಾಕ್ಷಿ ನಾ ಇರ್ತೇನಿ. ಹತ್ತಿದಾಗೊಮ್ಮಿ ನಾ ಹೊಸದಾಗಿ ಹಾಕೂ ಸಂಡಗಿ ಹೊರಳಿಸಿ ಹಾಕ್ರಿ" ಎಂದವಳು, ಎರಡು ಹೆಜ್ಜೆ ಹೋಗಿ ಹೊರಳಿ ನಿಂತಳು. "ಒಣಗ್ಯಾವೋ ಇಲ್ಲೋ ಅನ್ನೂದನ್ನ ಮಾತ್ರ ಟಿಕೆಟ್ ನೋಡಿ ಹೇಳಬ್ಯಾಡ್ರಿ. ಮುಟ್ಟಿ ನೋಡಿ ಹೇಳ್ರಿ."