ಮೂರು ಮುಳ್ಳಿನ ಸ್ಪಂಜು

ಸಮುದ್ರ ಕಾಣದ ಊರಿನಲ್ಲಿ ಸಮುದ್ರದ ಪ್ರಾಣಿಗಳ ಪಾಠ ಹೇಳುವವನಿಗೆ ಒಂದು ಅನುಕೂಲವಿದೆ. ಅವನು ಏನು ಹೇಳಿದರೂ ಅಲ್ಲವೆನ್ನುವವರು ಇರುವುದಿಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ದಾಂಡೇಲಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ನಾನು ಈ ಅನುಕೂಲವನ್ನು ಧಾರಾಳವಾಗಿ ಬಳಸಿಕೊಂಡೆ. ತಿಮಿಂಗಿಲವನ್ನು ನೆರೆಮನೆಯವರನ್ನು ವರ್ಣಿಸಿದಂತೆ ವರ್ಣಿಸುತ್ತಿದ್ದೆ. ವಿದ್ಯಾರ್ಥಿಗಳು ಹೆಚ್ಚಾಗಿ ಕಾಗದದ ಕಾರ್ಖಾನೆಯ ಕೆಲಸಗಾರರ ಮಕ್ಕಳು. ನೀರೆಂದರೆ ಅವರಿಗೆ ಕಾಳಿ ನದಿ. ಪಾಪ, ನಂಬುತ್ತಿದ್ದರು. ನನ್ನ ಜೀವ ಹಿಂಡಿದ್ದು ಮಾತ್ರ ಬೆರಳುದ್ದವೂ ಇಲ್ಲದ ಸುಣ್ಣದ ಸ್ಪಂಜು.

ಇದು ಗಿಡದಂತೆ ಬಂಡೆಗೆ ಅಂಟಿ ಕೂತಿರುತ್ತದೆ, ಆದರೆ ಪ್ರಾಣಿ. ನೆತ್ತಿಯ ಮೇಲೆ ಬಾಯಿಯಂಥ ತೂತಿದೆ, ಆದರೆ ಅದು ಬಾಯಿಯಲ್ಲ. ನೀರು ಮೈತುಂಬ ಇರುವ ಸಣ್ಣ ರಂಧ್ರಗಳಿಂದ ಒಳಗೆ ಬಂದು ಆ ತೂತಿನಿಂದ ಹೊರಗೆ ಹೋಗುತ್ತದೆ. ಪ್ರತಿವರ್ಷ ಅರ್ಧ ಕ್ಲಾಸು ಚಿತ್ರದಲ್ಲಿ ನೀರಿನ ದಾರಿ ತೋರಿಸುವ ಬಾಣದ ಗುರುತನ್ನು ತಿರುವುಮುರುವು ಹಾಕಿ ನನ್ನ ತಲೆ ತಿನ್ನುತ್ತಿತ್ತು. ಒಳಗೋಡೆ ಸಾದಾ ಕೊಳವೆಯಂತಿದ್ದರೆ ಆಸ್ಕಾನ್, ಬೆರಳುಬೆರಳಾಗಿ ಮಡಿಕೆ ಬಿದ್ದಿದ್ದರೆ ಸೈಕಾನ್, ಸಣ್ಣ ಕೋಣೆಗಳ ಜಾಲವಾಗಿದ್ದರೆ ಲ್ಯೂಕಾನ್. ಹೆಸರುಗಳು ಅಣ್ಣತಮ್ಮಂದಿರ ಹೆಸರಿನಂತೆ ಕೇಳಿಸುತ್ತಿದ್ದುದರಿಂದ ಹುಡುಗರು ಯಾರನ್ನು ಯಾವ ಹೆಸರಿನಿಂದ ಕರೆದರೂ ನಡೆಯುತ್ತದೆ ಎಂದುಕೊಂಡಿದ್ದರು. ಒಂದೇ ಒಂದು ಸಂಗತಿಯನ್ನು ಮಾತ್ರ ನಾನು ಅವರ ತಲೆಗೆ ಹೊಡೆದು ಕೂರಿಸಿದ್ದೆ. ಈ ವರ್ಗದ ಸ್ಪಂಜಿನ ಮೈಯೊಳಗೆ ಸುಣ್ಣದ ಪುಟ್ಟ ಮುಳ್ಳುಗಳಿರುತ್ತವೆ, ಹೆಚ್ಚಿನವಕ್ಕೆ ಮೂರು ಕವಲು. ವರ್ಗ ಗುರುತಿಸುವುದೇ ಅದರಿಂದ.

ನಮ್ಮಲ್ಲಿದ್ದ ಸ್ಪಂಜುಗಳನ್ನು ನಾನೇ ಕಾರವಾರದ ಬಂಡೆಗಳಿಂದ ಕೆರೆದು ತಂದಿದ್ದೆ. ಅವನ್ನು ಸ್ಪಿರಿಟ್ಟಿನಲ್ಲಿ ಇಡಬೇಕು. ಆದರೆ ಯಾರಾದರೂ ಕುಡಿದುಬಿಟ್ಟಾರೆಂದು ಪ್ರಿನ್ಸಿಪಾಲರು ಸ್ಪಿರಿಟ್ಟಿನ ಬಾಟಲಿಯನ್ನು ತಮ್ಮ ಕಪಾಟಿನಲ್ಲಿ ಬೀಗ ಹಾಕಿಟ್ಟಿದ್ದರು. ಅರ್ಜಿ ಬರೆಯುವ ಬೇಸರಕ್ಕೆ ನಾನು ಫಾರ್ಮಲಿನ್ ಸುರಿದೆ. ಒಂದೆರಡು ವರ್ಷದ ಮೇಲೆ ನಮ್ಮ ಲ್ಯಾಬಿನ ಅಟೆಂಡರ್ ಸಾಂತಾನ, ಹಳಿಯಾಳದ ಕಡೆಯ ಸಿದ್ದಿ ರೈತರ ಮನೆಯವನು, ಬಾಟಲಿ ಹಿಡಿದು ಬಂದ.

"ಸರ, ಇದು ಮೆತ್ತಗಾಗಾಕ ಹತ್ತೇತ್ರಿ. ಮೊದಲ ಮುಟ್ಟಿದ್ರ ಗರಗರ ಅಂತಿತ್ತು" ಎಂದ.

ಬಾಟಲಿಯ ಧೂಳು ಒರೆಸುವುದಷ್ಟೇ ಅವನ ಕೆಲಸ, ಸ್ಪಂಜಿನ ಆರೋಗ್ಯ ನನ್ನದು ಎಂದು ಸಿಡುಕಿದೆ.

ಆ ವರ್ಷದ ಪ್ರಾಯೋಗಿಕ ಪರೀಕ್ಷೆಗೆ ಧಾರವಾಡದಿಂದ ಪರೀಕ್ಷಕರು ಬಂದರು. ವಯಸ್ಸಾದವರು, ಮಾತು ಕಡಿಮೆ. ಸ್ಪಂಜಿನ ಚೂರನ್ನು ಕಾಸ್ಟಿಕ್ ಸೋಡಾದ ನೀರಿನಲ್ಲಿ ಕಾಯಿಸಿ, ಮಾಂಸ ಕರಗಿದ ಮೇಲೆ ಉಳಿದ ಮುಳ್ಳುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಚಿತ್ರ ಬರೆಯುವ ಪ್ರಶ್ನೆ. ನಾನು ಸಾಲಿನ ನಡುವೆ ಅಡ್ಡಾಡುತ್ತ ನೋಡಿದೆ. ಎಲ್ಲರೂ ಮೂರು ಕವಲಿನ ಮುಳ್ಳುಗಳನ್ನು ಮುತ್ತಿನಂತೆ ಬರೆದಿದ್ದರು. ಎದೆ ಉಬ್ಬಿತು. ಕೊನೆಯ ಬೆಂಚಿನ ಶಾಂತಾ ಎಂಬ ಹುಡುಗಿಯ ಹಾಳೆಯಲ್ಲಿ ಮಾತ್ರ ಒಂದು ಖಾಲಿ ವೃತ್ತವಿತ್ತು. ಕೆಳಗೆ, ಮುಳ್ಳುಗಳು ಕಾಣಲಿಲ್ಲ, ಆದ್ದರಿಂದ ವರ್ಗ ಹೇಳಲಾರೆ ಎಂದು ಬರೆದಿದ್ದಳು. ಸಿಟ್ಟು ನೆತ್ತಿಗೇರಿತು. ಪರೀಕ್ಷೆಯೆಂಬುದನ್ನೂ ಮರೆತು, ಸರಿಯಾಗಿ ನೋಡು ಎಂದು ಪಿಸುಗುಟ್ಟಿದೆ.

"ಮೂರು ಸಲ ನೋಡೇನ್ರಿ ಸರ. ಕಂಡಷ್ಟ ಬರದೇನ್ರಿ" ಎಂದಳು, ಕಣ್ಣಲ್ಲಿ ನೀರು ತುಂಬಿಕೊಂಡು.

ಪರೀಕ್ಷಕರು ಬಂದು ಅವಳ ಸ್ಲೈಡು ನೋಡಿದರು, ಪಕ್ಕದವನದು ನೋಡಿದರು, ಎಲ್ಲರದನ್ನೂ ನೋಡಿದರು. ಒಂದರಲ್ಲೂ ಮುಳ್ಳಿಲ್ಲ ಎಂದರು. ಇರಲೇಬೇಕು ಎಂದು ನಾನು ವಾದಿಸಿದೆ.

"ಹಂಗಾದ್ರ ನೀವ ನೋಡಿ ಬರದ ತೋರಸ್ರಿ" ಎಂದರು.

ಕೂತೆ. ಸೂಕ್ಷ್ಮದರ್ಶಕದ ಕನ್ನಡಿ ತಿರುಗಿಸಿ ಬೆಳಕು ಸರಿಮಾಡಿಕೊಂಡೆ. ಕಣ್ಣು ಮಸೂರ ಮುಟ್ಟುವಷ್ಟರಲ್ಲಿ ಇಷ್ಟು ವರ್ಷದ ಅಭ್ಯಾಸಕ್ಕೆ ಕೈ ತಾನಾಗಿ ಮೂರು ಕವಲಿನ ಸುಂದರ ಮುಳ್ಳೊಂದನ್ನು ಬರೆದು ಮುಗಿಸಿತ್ತು. ಅದು ಸ್ಲೈಡಿನ ಯಾವ ಮೂಲೆಯಲ್ಲಿದೆ ಎಂದು ಅವರು ಕೇಳಿದರು. ಸ್ಲೈಡನ್ನು ಎಡಕ್ಕೆ ಬಲಕ್ಕೆ ಸರಿಸಿ ಹುಡುಕಿದೆ. ಏನೂ ಇರಲಿಲ್ಲ. ಆಗ ಹೊಳೆಯಿತು. ಫಾರ್ಮಲಿನ್ ಹಳೆಯದಾದಂತೆ ಆಮ್ಲವಾಗುತ್ತದೆ, ಆಮ್ಲ ಸುಣ್ಣವನ್ನು ತಿನ್ನುತ್ತದೆ. ನಾನು ತಂದ ಸ್ಪಂಜಿನ ಎಲುಬನ್ನು ನಾನೇ ಕರಗಿಸಿದ್ದೆ. ಸಾಂತಾನ ಹೇಳಿದ್ದನ್ನೂ ಸೇರಿಸಿ ಎಲ್ಲವನ್ನೂ ಒಪ್ಪಿಕೊಂಡೆ.

ಪರೀಕ್ಷಕರು ಶಾಂತಾಳಿಗೆ ಪೂರ್ತಿ ಅಂಕ ಕೊಟ್ಟು ಮನೆಗೆ ಕಳಿಸಿದರು. ಉಳಿದವರ ಹಾಳೆಗಳನ್ನು ಹಿಂದಕ್ಕೆ ಪಡೆದು, ಬೇರೆ ಪ್ರಾಣಿಯ ಸ್ಲೈಡು ಕೊಟ್ಟು ಹೊಸದಾಗಿ ಬರೆಯಿರಿ ಎಂದರು. ಹಾಳೆ, ಸ್ಲೈಡು ಹಂಚುತ್ತ ಬಂದವರು ನನ್ನ ಮುಂದೆಯೂ ಒಂದೊಂದು ಇಟ್ಟು ಮುಂದೆ ಹೋದರು. ತಮಾಷೆಯೋ ನಿಜವೋ ಕೇಳುವ ಧೈರ್ಯವಾಗಲಿಲ್ಲ. ಪೆನ್ಸಿಲ್ ಹಿಡಿದು ಬಗ್ಗಿದೆ. ಸ್ಲೈಡಿನಲ್ಲಿ ಏನೋ ಇತ್ತು, ಆದರೆ ಪುಸ್ತಕದ ಚಿತ್ರದಂತೆ ಇರಲಿಲ್ಲ. ಪಕ್ಕದ ಹುಡುಗ ಏನು ಬರೆದಿದ್ದಾನೆಂದು ಮೆಲ್ಲಗೆ ಕತ್ತು ಚಾಚಿದೆ. ಅವನು ಹಾಳೆಯನ್ನು ಕೈಯಿಂದ ಮುಚ್ಚಿಕೊಂಡ.