ತಪ್ಪು ನುಡಿಯದ ಕುರ್ಚಿ

ಆ ಭಾನುವಾರ ಬೆಳಿಗ್ಗೆ ರಾಯಪ್ಪನ ತಲೆಯ ಮೇಲೆ ಒಂದು ಕುರ್ಚಿ ಇತ್ತು. ಅವತ್ತಿನ ಗ್ರಹಚಾರವೆಲ್ಲ ಶುರುವಾದದ್ದು ಅಲ್ಲಿಂದಲೇ.

ಕುರ್ಚಿಯೆಂದರೆ ಅಂಥಿಂಥದ್ದಲ್ಲ. ಸೀಮೆಗೆ ವಾಪಸು ಹೊರಟಿದ್ದ ದಂಡಿನ ಇಂಗ್ಲಿಷ್ ದೊರೆಯೊಬ್ಬನ ಮನೆಯಲ್ಲಿ ಹರಾಜಾದದ್ದು. ತೇಗದ ಮರ, ಆಳೆತ್ತರದ ಬೆನ್ನು, ಎರಡು ಕೈಗಳಿಗೂ ಸಿಂಹದ ಮುಖ. ಗಿರಣಿಯ ಗುಮಾಸ್ತನಿಗೆ ಇಂಥ ಸಿಂಹಾಸನ ಯಾಕೆ ಬೇಕಿತ್ತು ಅಂತೀರಾ? ಬೇಕಿತ್ತು. ರಾಜಾಜಿನಗರದಲ್ಲಿ ಹೊಸದಾಗಿ ಎದ್ದ ಮನೆಗಳಲ್ಲಿ ಅವನಿಗೂ ಒಂದು ಸಿಕ್ಕಿತ್ತು. ಅದನ್ನು ಮಂತ್ರಿಸಿ ತೀರ್ಥ ಚಿಮುಕಿಸಲು ಚರ್ಚಿನ ಫಾದರ್ ಇನ್ನಾಸಪ್ಪನವರು ಅವತ್ತು ಸಂಜೆ ಬರುವವರಿದ್ದರು. ಅವರು ಕೂರಲು ಮನೆಯಲ್ಲಿದ್ದದ್ದು ಒಂದು ಮುಕ್ಕಾಲಿ, ಅದಕ್ಕೂ ಕಾಲು ಎರಡೂವರೆ.

ಇನ್ನೊಂದು ಒಳ ಆಸೆಯೂ ಇತ್ತು. ಈ ಹೊಸ ಬಡಾವಣೆಯ ಕ್ರೈಸ್ತ ಮಕ್ಕಳಿಗೆ ಜ್ಞಾನೋಪದೇಶ ಕಲಿಸಲು ಫಾದರ್ ಒಬ್ಬ ಉಪದೇಶಿಯನ್ನು ಹುಡುಕುತ್ತಿದ್ದರು. ಭಾನುವಾರ ಬಿಳಿ ಅಂಗವಸ್ತ್ರ ಹೊದ್ದು, "ಉಪದೇಶಿಗಳೇ, ಸ್ತೋತ್ರ" ಅನ್ನಿಸಿಕೊಳ್ಳಬೇಕೆಂಬುದು ರಾಯಪ್ಪನ ಎಷ್ಟೋ ವರ್ಷದ ಕನಸು. "ಸಂಜೆ ಬರ್ತೀನಲ್ಲ, ಆಗ ನೋಡೋಣ" ಎಂದಿದ್ದರು ಫಾದರ್. ಹಾಗಾಗಿ ಅವತ್ತಿನ ಸಂಜೆ ಎಲ್ಲ ನೆಟ್ಟಗೆ ನಡೆಯಲೇಬೇಕಿತ್ತು.

ಬೀದಿಯ ಮೂಲೆಯಲ್ಲಿ ಶಂಭುಲಿಂಗಪ್ಪನ ದಿನಸಿ ಅಂಗಡಿ. ಚಿತ್ರದುರ್ಗದ ಕಡೆಯವನು, ಹಣೆತುಂಬ ವಿಭೂತಿ, ಪತ್ರಿಕೆಯ ಒಂದಕ್ಷರವನ್ನೂ ಬಿಡದೆ ಓದಿ ಬೀದಿಗೆಲ್ಲ ಹಂಚುವವನು.

"ರಾಯಪ್ಪನವರೇ, ನಿಲ್ಲಿ ನಿಲ್ಲಿ! ನಿಮ್ಮ ಜಗದ್ಗುರು ಪೋಪರು ಏನೋ ದೊಡ್ಡ ಮಾತು ಸಾರಿದಾರಂತಲ್ಲ?"

"ಹೌದು ಸಾವ್ಕಾರ್ರೇ. ದೇವಮಾತೆ ಆತ್ಮ ಶರೀರ ಎರಡರ ಸಮೇತ ಸ್ವರ್ಗಕ್ಕೆ ಹೋದ್ರು ಅಂತ. ಇನ್ನು ಅದರಲ್ಲಿ ಎರಡು ಮಾತಿಲ್ಲ."

"ಸಶರೀರ ಹೋದೋರು ನಮ್ಮಲ್ಲೂ ಇದಾರೆ ಬಿಡಿ. ಎರಡು ಮಾತಿಲ್ಲ ಅಂದ್ರೆ ಹೆಂಗೆ? ಅವರು ತಪ್ಪೇ ಮಾಡಲ್ವಾ?"

ರಾಯಪ್ಪ ಅಲ್ಲಿಯೇ "ಫಾದರ್‌ನ ಕೇಳಿ" ಎಂದು ಹೊರಟುಬಿಡಬೇಕಿತ್ತು. ಆದರೆ ಉಪದೇಶಿಯಾಗುವವನು ಹಾಗೆ ಜಾರಿಕೊಳ್ಳಲಾದೀತೆ? ಕುರ್ಚಿಯನ್ನು ಅಂಗಡಿ ಮುಂದೆ ಇಳಿಸಿ, ಅದರ ಮೇಲೆ ಕೂತು, ಕಾಲ ಮೇಲೆ ಕಾಲು ಹಾಕಿದ.

"ಮಾಡ್ತಾರೆ. ನಾಳೆ ಮಳೆ ಬರುತ್ತೆ ಅಂತ ಅವರು ಅಂದ್ರೆ ಬರದೇನೂ ಇರಬಹುದು. ಪಾಪ ಮಾಡಿದ್ರೆ ಅವರೂ ಇನ್ನೊಬ್ಬ ಗುರುಗಳ ಮುಂದೆ ಮಂಡಿಯೂರಬೇಕು. ಆದ್ರೆ ಸಂತ ರಾಯಪ್ಪರ ಪೀಠದಲ್ಲಿ ಕೂತು, ಇಡೀ ಧರ್ಮಸಭೆಗೆ ಗುರುವಾಗಿ, ವಿಶ್ವಾಸದ ವಿಷಯ ನೀತಿ ವಿಷಯ ಹೀಗೇ ಅಂತ ಸಾರಿದ್ರೆ, ಆ ಮಾತು ತಪ್ಪಲ್ಲ. ಎಂಬತ್ತು ವರ್ಷದ ಹಿಂದೆ ಬಿಷಪ್ಪುಗಳೆಲ್ಲ ಸಭೆ ಸೇರಿ ಇದನ್ನ ಖಡಾಖಂಡಿತ ಮಾಡಿದ್ರು."

"ಸಂತ ರಾಯಪ್ಪರಾ? ನಿಮ್ಮ ಹೆಸರೇ ಆಯ್ತಲ್ರೀ!"

ರಾಯಪ್ಪ ಇನ್ನಷ್ಟು ಉಬ್ಬಿದ. "ಅವರ ಹೆಸರೇ ನನಗಿಟ್ಟಿರೋದು. ಪೀಟರ್ ಅಂತಾರಲ್ಲ, ಅವರೇ. ಮೀನು ಹಿಡಿಯೋರು. ಯೇಸುಸ್ವಾಮಿ ಅವರ ಕೈಗೆ ಸ್ವರ್ಗದ ಬೀಗದ ಕೈ ಕೊಟ್ರು. ಮೊದಲನೇ ಜಗದ್ಗುರು ಅವರೇ. ಆದ್ರೆ ಸ್ವಾಮಿಯನ್ನ ಹಿಡ್ಕೊಂಡು ಹೋದ ರಾತ್ರಿ ಇದೇ ರಾಯಪ್ಪರು ಭಯಕ್ಕೆ ಬಿದ್ದು, 'ಅವರ್ಯಾರೋ ನನಗೆ ಗೊತ್ತಿಲ್ಲ' ಅಂತ ಮೂರು ಸಲ ಅಂದ್ಬಿಟ್ರು. ತಕ್ಷಣ ಕೋಳಿ ಕೂಗ್ತು. ಬಿಕ್ಕಿಬಿಕ್ಕಿ ಅತ್ರು."

"ಅಯ್ಯ! ಸುಳ್ಳು ಹೇಳಿದೋರನ್ನ ಪೀಠಕ್ಕೆ ಕೂರಿಸಿದ್ರಾ?"

"ಅದೇ ಸಾವ್ಕಾರ್ರೇ ವಿಷಯ! ಮನುಷ್ಯ ಬೀಳ್ತಾನೆ. ಪೀಠದ ಮಾತು ಬೀಳಲ್ಲ."

ಶಂಭುಲಿಂಗಪ್ಪ ತಲೆದೂಗಿದ. ಮಠದ ನೆರಳಲ್ಲಿ ಬೆಳೆದವನಿಗೆ ಪೀಠವೆಂದರೆ ಏನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೆ ವಿಶ್ವಾಸ, ನೀತಿ, ಧರ್ಮಸಭೆ, ಬಿಷಪ್ಪುಗಳು ಎಲ್ಲ ತೂತು ಚೀಲದ ಸಾಸಿವೆಯ ಹಾಗೆ ಅಲ್ಲೇ ಸೋರಿಹೋದವು. ಅವನ ತಲೆಯಲ್ಲಿ ಉಳಿದದ್ದು ಇಷ್ಟು: ರಾಯಪ್ಪನೆಂಬ ಹೆಸರು, ಸಿಂಹದ ಮುಖದ ಒಂದು ಪೀಠ, ಅದರ ಮೇಲೆ ಕೂತು ಆಡಿದ ಮಾತು ತಪ್ಪುವುದಿಲ್ಲ.

ಮನೆ ಮುಟ್ಟಿದ ರಾಯಪ್ಪ ಕುರ್ಚಿಯನ್ನು ಜಗುಲಿಯಲ್ಲಿಟ್ಟು ದಣಿವಾರಿಸಿಕೊಳ್ಳಲು ಕೂತ. ಒಳಗಿಂದ ಹೆಂಡತಿ ಲೂರ್ದಮ್ಮ ಕರೆದಳು. "ರೀ, ಸ್ವಲ್ಪ ಒಳಗೆ ಬರ್ತೀರಾ?"

"ಬಂದೆ ಇರೇ."

ಅಷ್ಟರಲ್ಲಿ ಪಕ್ಕದ ಮನೆಯ ವೆಂಕಟರಮಣಪ್ಪ ಖಾಲಿ ಬಿಂದಿಗೆ ಹಿಡಿದು ಬಂದರು. ರಿಟೈರಾದ ಪೋಸ್ಟ್ ಮಾಸ್ಟರು. ಪೋಸ್ಟಾಫೀಸು ಬಿಟ್ಟ ಮೇಲೂ ಇನ್ನೊಬ್ಬರ ಮನೆಯ ಸಮಾಚಾರ ಅವರ ಕೈ ದಾಟಿಯೇ ಹೋಗಬೇಕು. "ಏನಪ್ಪ, ನಲ್ಲೀಲಿ ನೀರು ಬಂದು ಎಷ್ಟು ದಿನ ಆಯ್ತು! ಇವತ್ತಾದ್ರೂ ಬರುತ್ತಾ?"

"ಬರುತ್ತೆ ಬರುತ್ತೆ, ಹೋಗಿ ಸಾರ್" ಎಂದ ರಾಯಪ್ಪ, ಅವರು ತೊಲಗಿದರೆ ಸಾಕೆಂದು.

ಬೀದಿಯ ನಲ್ಲಿ ಒಂದು ಸಲ ಕೆಮ್ಮಿತು. ಇನ್ನೊಂದು ಸಲ ಸೀನಿತು. ಆಮೇಲೆ ಭರ್ರನೆ ನೀರು ಸುರಿಸಿತು.

ವೆಂಕಟರಮಣಪ್ಪನವರ ಕೈಯಿಂದ ಬಿಂದಿಗೆ ಉರುಳಿತು. ಅಂಗಡಿಯಿಂದ ಶಂಭುಲಿಂಗಪ್ಪ ಓಡಿಬಂದ. "ಕೂತಿದ್ರಾ? ಹೇಳುವಾಗ ಪೀಠದ ಮೇಲೆ ಕೂತಿದ್ರಾ? ಹಂಗಾದ್ರೆ ಬರದೆ ಏನು ಮಾಡುತ್ತೆ!"

"ಅಯ್ಯೋ ಸಾವ್ಕಾರ್ರೇ, ಅದು ಪೋಪರಿಗೆ ಮಾತ್ರ! ಅದೂ ಧರ್ಮದ ವಿಷಯಕ್ಕೆ, ನಲ್ಲಿ ನೀರಿಗಲ್ಲ!"

"ಬಾಯಾರಿದೋರಿಗೆ ನೀರಿಗಿಂತ ದೊಡ್ಡ ಧರ್ಮ ಯಾವುದ್ರೀ?"

ಗಳಿಗೆಯಲ್ಲಿ ಸುದ್ದಿ ಹಬ್ಬಿತು. ಯಾರೋ ಕುರ್ಚಿಯ ಬೆನ್ನಿಗೆ ಚೆಂಡುಹೂವಿನ ಹಾರ ಹಾಕಿದರು. ಇನ್ಯಾರೋ ಸಿಂಹಗಳಿಗೆ ಕುಂಕುಮ ಇಟ್ಟರು. ನಿಜ ಹೇಳಬೇಕೆಂದರೆ, ರಾಯಪ್ಪ ಬೇಡ ಬೇಡ ಎನ್ನುತ್ತಲೇ ಕೂತಿದ್ದ. ಗಿರಣಿಯಲ್ಲಿ ಅವನ ಮಾತನ್ನು ಯಾರೂ ಕೇಳುತ್ತಿರಲಿಲ್ಲ, ಮನೆಯಲ್ಲಂತೂ ಬಿಡಿ. ಇಲ್ಲಿ ಇಡೀ ಬೀದಿ ಕೈಕಟ್ಟಿ ನಿಂತಿತ್ತು. ಖುಷಿಯಾಗದೆ ಇರುತ್ತದೆಯೇ?

"ರೀ, ಒಳಗೆ ಬನ್ರೀ!" ಲೂರ್ದಮ್ಮ ಮತ್ತೆ ಕೂಗಿದಳು.

"ಬಂದೆ ಅಂದ್ನಲ್ಲ!"

ಆಗ ಬಾಯಿಬಾಯಿ ಬಡಿದುಕೊಂಡು ಬಂದಳು ಮುನಿತಾಯಮ್ಮ. ಮೂಡಲಪಾಳ್ಯದ ಹಳೇ ಒಕ್ಕಲು ಮನೆಯವಳು, ಬೀದಿ ಕೊನೆಯಲ್ಲಿ ಹಸು ಕಟ್ಟಿಕೊಂಡು ಹಾಲು ಮಾರುವವಳು. "ರಾಯಪ್ಪಣ್ಣ, ನಮ್ ಕೆಂಚ ಕಾಣಿಸ್ತಿಲ್ಲ ಕಣಣ್ಣ! ಯಾವನೋ ಕದ್ದವ್ನೆ!"

ಕೆಂಚ ಅವಳ ಹುಂಜ. ಕೆಂಪು ಮೈ, ಎಡಕ್ಕೆ ವಾಲಿದ ಜುಟ್ಟು. ಅವನು ಕೂಗಿದರೇ ಆ ಬೀದಿಗೆ ಬೆಳಗಾಗುವುದು.

"ಪೀಠದ ಮೇಲಿಂದ ಒಂದು ಮಾತು ಹೇಳ್ಬಿಡಣ್ಣ. ನನ್ನ ಹುಂಜ ಎಲ್ಲೈತೆ?"

ರಾಯಪ್ಪ ಸಿಂಹದ ಮುಖಗಳನ್ನು ಬಿಗಿಯಾಗಿ ಹಿಡಿದು, ಕಣ್ಣು ಮುಚ್ಚಿ, ಗಂಟಲು ಸರಿಮಾಡಿಕೊಂಡ. "ಅಳಬೇಡಮ್ಮ. ಸಂಜೆಯೊಳಗೆ ನಿನ್ನ ಹುಂಜ ತಾನೇ ಕೂಗಿ, ತಾನು ಎಲ್ಲಿದೀನಿ ಅಂತ ಹೇಳುತ್ತೆ."

"ಯಾರ ಮನೇಲಿ ಸಿಗುತ್ತೋ ಅವರಿಗೆ ಏನು ಶಿಕ್ಷೆ?"

"ಅವರು ಹುಂಜ ವಾಪಸ್ ಕೊಟ್ಟು, ಇಡೀ ಬೀದಿಗೆ ಊಟ ಹಾಕಬೇಕು!" ರಾಯಪ್ಪನಿಗೆ ತನ್ನ ತೀರ್ಪು ತನಗೇ ಬಹಳ ಹಿಡಿಸಿತು. ಬೀದಿಯೂ ಚಪ್ಪಾಳೆ ತಟ್ಟಿತು.

ಆ ಚಪ್ಪಾಳೆಯ ಮತ್ತಿನಲ್ಲಿಯೇ ಒಳಗೆ ಹೋದ. ಅಡಿಗೆಮನೆಯಲ್ಲಿ ಲೂರ್ದಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. "ಆಗಿಂದ ಕರೀತಾ ಇದೀನಿ, ಕಿವಿ ಕೇಳಿಸಲ್ವಾ? ಇದನ್ನ ಕುಯ್ದುಕೊಟ್ರೆ ತಾನೇ ನಾನು ಸಾರು ಮಾಡೋದು?"

ಒಲೆಯ ಪಕ್ಕದಲ್ಲಿ, ಕಾಲಿಗೆ ದಾರ ಕಟ್ಟಿಸಿಕೊಂಡು ಒಂದು ಹುಂಜ ಕೂತಿತ್ತು. ಕೆಂಪು ಮೈ. ಎಡಕ್ಕೆ ವಾಲಿದ ಜುಟ್ಟು.

"ಇದು... ಇದೆಲ್ಲಿತ್ತೇ?"

"ಬೆಳಿಗ್ಗೆ ಹಿಂದಿನ ಬಾಗಿಲಿಗೆ ಯಾವನೋ ಕಂಬಳಿ ಹೊದ್ಕೊಂಡು ತಂದಿದ್ದ. ಕೆಂಗೇರಿ ಸಂತೇದಂತೆ. ಸೋವಿಗೆ ಕೊಟ್ಟ."

"ಕೆಟ್ಟೆ ಕಣೇ ಲೂರ್ದು! ಇದು ಮುನಿತಾಯಮ್ಮನ ಕೆಂಚ!"

ಹೊರಗೆ ಹೋಗಿ ಇದ್ದದ್ದು ಇದ್ದಂತೆ ಹೇಳಿಬಿಡೋಣವೆಂದು ರಾಯಪ್ಪ ಬಾಗಿಲವರೆಗೂ ಹೋದ. ಶಂಭುಲಿಂಗಪ್ಪ ಹೊಸದಾಗಿ ಬಂದವರಿಗೆ ಪೀಠದ ಮಹಿಮೆ ಹೇಳುತ್ತಿದ್ದ. ರಾಯಪ್ಪನ ಕಾಲು ಮುಂದೆ ಹೋಗಲಿಲ್ಲ. ಕದ್ದ ಕೋಳಿ ಮನೆಯಲ್ಲಿಟ್ಟುಕೊಂಡವನಿಗೆ ಯಾವ ಫಾದರ್ ಉಪದೇಶಿ ಕೆಲಸ ಕೊಟ್ಟಾರು? ಕತ್ತಲಾದ ಮೇಲೆ ಹಿಂದಿನ ಬಾಗಿಲಿಂದ ಬಿಟ್ಟುಬಿಟ್ಟರಾಯಿತು ಎಂದುಕೊಂಡು ಹುಂಜದ ಮೇಲೆ ಬುಟ್ಟಿ ಕವುಚಿದ. ಕತ್ತಲಿದ್ದರೆ ಕೋಳಿ ಕೂಗುವುದಿಲ್ಲವಲ್ಲ, ಕೈಗೆ ಸಿಕ್ಕ ಬಿಳಿ ಬಟ್ಟೆಯೊಂದನ್ನು ಬುಟ್ಟಿಗೆ ಸುತ್ತಿದ.

ಆದರೆ ಫಾದರ್ ಇನ್ನಾಸಪ್ಪನವರು ಕತ್ತಲಾಗಲು ಬಿಡಲಿಲ್ಲ. ಬಿಸಿಲಿರುವಾಗಲೇ ನಿಲುವಂಗಿ ಎತ್ತಿಕಟ್ಟಿ ಸೈಕಲ್ ತುಳಿಯುತ್ತ ಬಂದುಬಿಟ್ಟರು. ನೋಡುತ್ತಾರೆ, ಜಗುಲಿಯ ಮುಂದೆ ಜಾತ್ರೆ. ಹಾರ ಹಾಕಿದ ಕುರ್ಚಿ. ಕುಂಕುಮದ ಸಿಂಹಗಳು.

"ಇದೇನಪ್ಪ ರಾಯಪ್ಪ?"

ರಾಯಪ್ಪ ಒಳಗಿನಿಂದ ಓಡಿಬಂದ. "ಸ್ತೋತ್ರ ಫಾದರ್! ಒಳಗೆ ದಯಮಾಡಿಸಿ! ಲೂರ್ದು, ಫಾದರ್ ಬಂದ್ರು, ಮೇಜಿಗೆ ಬಿಳಿ ಬಟ್ಟೆ ಹಾಸೇ, ಶಿಲುಬೆ ಇಡೇ!"

"ತಡಿ. ಇದರ ಮೇಲೆ ಕೂತು ನೀನು ತೀರ್ಪು ಕೊಡ್ತಿದೀಯಂತೆ? ದಾರೀಲಿ ಯಾರೋ ಹೇಳಿದ್ರು."

"ನಾನಾ? ಕುರ್ಚಿ ಮೇಲಾ? ನಾನು ಕೂತೇ ಇಲ್ಲ ಫಾದರ್!"

ಜನ ಮುಖಮುಖ ನೋಡಿಕೊಂಡರು. ಶಂಭುಲಿಂಗಪ್ಪ ಭಕ್ತಿಯಿಂದ ಮುಂದೆ ಬಂದ. "ಕೂತಿದ್ರು ಗುರುಗಳೇ. ಜಗದ್ಗುರು ಪೀಠದ ವಿಷಯ ನನಗೆಲ್ಲ ಬಿಡಿಸಿ ಹೇಳಿದ್ರು."

"ಹೇಳಿದೆಯೇನಪ್ಪ?"

"ಅಯ್ಯೋ, ಇವರ್ಯಾರೋ ನನಗೆ ಗೊತ್ತೇ ಇಲ್ಲ ಫಾದರ್!"

ದಿನಾ ಬೆಳಿಗ್ಗೆ ತನ್ನ ಅಂಗಡಿಯಲ್ಲಿ ಬೆಲ್ಲ ಬಾಯಿಗೆ ಹಾಕಿಕೊಂಡು ಹೋಗುವ ಮನುಷ್ಯ ಹೀಗೆಂದಾಗ ಶಂಭುಲಿಂಗಪ್ಪನ ಬಾಯಿ ತೆರೆದೇ ಉಳಿಯಿತು. ಮುನಿತಾಯಮ್ಮ ಸುಮ್ಮನಿರಲಿಲ್ಲ. "ಅದೆಲ್ಲ ಇರ್ಲಣ್ಣ, ಸಂಜೆ ಆಯ್ತು. ನನ್ನ ಹುಂಜದ ಮಾತು ಏನಾಯ್ತು?"

"ಯಾವ ಹುಂಜ? ಯಾರ ಹುಂಜ? ದೇವರಾಣೆ ನನಗೆ ಯಾವ ಹುಂಜಾನೂ ಗೊತ್ತಿಲ್ಲ!"

ಆ ಮನೆಯಲ್ಲಿದ್ದ ಒಂದೇ ಒಂದು ಬಿಳಿ ಬಟ್ಟೆಯನ್ನು ಲೂರ್ದಮ್ಮ ಬುಟ್ಟಿಯಿಂದ ಬಿಚ್ಚಿದ್ದು ಅದೇ ಹೊತ್ತಿಗೆ. ಬುಟ್ಟಿಯ ಸಂದುಗಳಿಂದ ಬೆಳಕು ನುಗ್ಗಿತು. ಕೆಂಚ ಬೆಳಗಾಯಿತೆಂದುಕೊಂಡ.

"ಕೊಕ್ಕೊಕ್ಕೋ ಕೋ!"

ಬೀದಿಗೆ ಬೀದಿಯೇ ಅಡಿಗೆಮನೆಯ ಕಡೆ ತಿರುಗಿತು. ರಾಯಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕಣ್ಣಲ್ಲಿ ನೀರೇ ಬಂತು. ಎಲ್ಲರಿಗಿಂತ ಮೊದಲು ಎಚ್ಚೆತ್ತವನು ಶಂಭುಲಿಂಗಪ್ಪ.

"ನೋಡಿದ್ರಾ! ಸಂಜೆಯೊಳಗೆ ತಾನೇ ಕೂಗಿ ಹೇಳುತ್ತೆ ಅಂದಿದ್ರು! ಒಂದಕ್ಷರ ತಪ್ಪಲಿಲ್ಲ! ಮನುಷ್ಯ ಬಿದ್ದ, ಪೀಠದ ಮಾತು ಬೀಳಲಿಲ್ಲ!"

"ಹಂಗಾದ್ರೆ ಇಡೀ ಬೀದಿಗೆ ಊಟಾನೂ ತಪ್ಪಲ್ಲ!" ಎಂದಳು ಮುನಿತಾಯಮ್ಮ, ಒಳಗೆ ನುಗ್ಗಿ ಎತ್ತಿ ತಂದ ಕೆಂಚನನ್ನು ಎದೆಗವಚಿಕೊಂಡು.

ಲೂರ್ದಮ್ಮ ಕಂಬಳಿಯವನ ಕತೆ ಹೇಳಿದಳು. ಮುನಿತಾಯಮ್ಮ ಆ ಕಂಬಳಿಯವನ ಮೂರು ತಲೆಮಾರಿಗೆ ಶಾಪ ಹಾಕಿ, ರಾಯಪ್ಪನನ್ನು ಬಿಟ್ಟುಬಿಟ್ಟಳು. ಫಾದರ್ ನಕ್ಕರು. ಹೊಟ್ಟೆ ಹಿಡಿದುಕೊಂಡು ನಕ್ಕರು. ನಿಲ್ಲಲಾರದೆ ಹಾರವನ್ನು ಪಕ್ಕಕ್ಕೆ ಸರಿಸಿ ಆ ಕುರ್ಚಿಯಲ್ಲೇ ಕುಸಿದು ಕೂತರು.

ಮನೆ ಮಂತ್ರಿಸಿದ್ದಾಯಿತು. ಹುಂಜವಿಲ್ಲದ ಸಾರು, ಮುನಿತಾಯಮ್ಮನ ಮಜ್ಜಿಗೆ, ಶಂಭುಲಿಂಗಪ್ಪ ಸಾಲದ ಲೆಕ್ಕ ಬರೆಯದೆ ಕಳಿಸಿದ ಬೇಳೆ, ಬೆಲ್ಲ ಎಲ್ಲ ಸೇರಿ ಬೀದಿ ತುಂಬ ಎಲೆ ಬಿದ್ದವು. ಇಷ್ಟು ಗಲಾಟೆಯ, ಇಷ್ಟು ಸಂತೋಷದ ಊಟ ಆ ಬಡಾವಣೆ ಇನ್ನೂ ಕಂಡಿರಲಿಲ್ಲ. ಎಲ್ಲರ ನಗು ಕೇಳಿ ರಾಯಪ್ಪನಿಗೂ ಸ್ವಲ್ಪ ಧೈರ್ಯ ಬಂತು. ಜಗುಲಿಯ ಕುರ್ಚಿಯಲ್ಲಿ ಎಲೆಯಡಿಕೆ ಮೆಲ್ಲುತ್ತಿದ್ದ ಫಾದರ್ ಬಳಿ ಹೋಗಿ ತಲೆ ತಗ್ಗಿಸಿ ನಿಂತ.

"ತಪ್ಪಾಯ್ತು ಫಾದರ್. ಆ ಉಪದೇಶಿ ವಿಷಯ..."

"ಸಂತ ರಾಯಪ್ಪರಿಗೂ ಕೋಳಿ ಕೂಗಿದ ಮೇಲೇನೇ ಬುದ್ಧಿ ಬಂದಿದ್ದು ಕಣಯ್ಯ. ನೀನೂ ಮುಂದಿನ ಭಾನುವಾರದಿಂದ ಜ್ಞಾನೋಪದೇಶದ ತರಗತಿಗೆ ಬಾ."

ರಾಯಪ್ಪನ ಮುಖ ಅರಳಿತು. "ಪಾಠ ಹೇಳೋಕಾ ಫಾದರ್?"

"ಅಲ್ಲ. ಚಿಕ್ಕ ಮಕ್ಕಳ ಜೊತೆ ಮುಂದಿನ ಸಾಲಲ್ಲಿ ಕೂತು ಪಾಠ ಕೇಳೋಕೆ. ಇನ್ನೊಂದು ವರ್ಷ."

"ಒಂದು ವರ್ಷಾನಾ? ಸ್ವಲ್ಪ ಕಡಿಮೆ ಮಾಡಿ ಫಾದರ್..."

ಪಕ್ಕದಲ್ಲಿ ಕೈ ತೊಳೆಯುತ್ತಿದ್ದ ಶಂಭುಲಿಂಗಪ್ಪ, ಫಾದರ್ ಕೂತ ಕಡೆ ಕಣ್ಣು ಹಾಯಿಸಿ, ಒದ್ದೆ ಕೈಯನ್ನೇ ಜೋಡಿಸಿದ.

"ಸುಮ್ನಿರಿ ರಾಯಪ್ಪನವರೇ. ಅವರು ಹೇಳಿದ್ದು ಎಲ್ಲಿ ಕೂತು ಅಂತ ನೋಡಿ. ಅದು ಇನ್ನು ತಪ್ಪಲ್ಲ ಬಿಡಿ!"