ಸದ್ದಿನ ಗಡೀಪಾರು ಪ್ರಕರಣ

ಒಂದು ಮನೆ. ಅದರಲ್ಲಿ ಒಂಬತ್ತು ಪೆಟ್ಟಿಗೆ. ಒಂಬತ್ತಕ್ಕೂ ದೀಪ ಮಿಣಮಿಣ ಉರಿಯುತ್ತದೆ, ಒಂದೂ ಹಾಡುವುದಿಲ್ಲ. ಹಾಗಾದರೆ ಆ ಮನೆಯ ಫ್ರಿಜ್ ಎಲ್ಲಿದೆ?

ಹೊಳೆಯಲಿಲ್ಲ ತಾನೇ? ಹೊಳೆಯಬಾರದು. ಇಂಡೊನೇಷ್ಯಾದ ಬಾಂಡುಂಗ್ ನಗರದ ನಮ್ಮ ಗಲ್ಲಿಯ ಏಳನೇ ನಂಬರ್ ನೆರೆಹೊರೆ ಸಂಘದ ಕಡತ ಓದದವರಿಗೆ ಬಿಡಿಸಲು ಬರುವ ಒಗಟಲ್ಲ ಇದು. ಓದಿದವರಿಗೂ ಬಂದಿಲ್ಲ, ಅದು ಬೇರೆ ಮಾತು.

ಕಡತದ ಪ್ರಕಾರ ಸಂಗತಿ ಇಷ್ಟು. ನಿವೃತ್ತ ಭೂಗೋಳ ಮೇಷ್ಟ್ರು ಪಾಕ್ ಸೋಬರ್ನಾ ಅವರು (ನಮ್ಮಲ್ಲಿ ಹಿರಿಯ ಗಂಡಸರಿಗೆ ಪಾಕ್, ಹೆಂಗಸರಿಗೆ ಬು ಎನ್ನುವುದು ಮರ್ಯಾದೆ) ಇಂಟರ್ನೆಟ್ಟಿನಿಂದ ಹಾಡು ತರಿಸಿಕೊಂಡು ಕೇಳುವವರು ಮತ್ತು ನಗರದ ಶ್ರವಣ ರಸಿಕರ ಕೂಟದ ಸದಸ್ಯರು. ಕೂಟದ ವಾರ್ಷಿಕ ಸಭೆ ಪ್ರತಿ ವರ್ಷ ಅತ್ಯಂತ ಕಪ್ಪು ಹಿನ್ನೆಲೆಯುಳ್ಳ ಮನೆಯಲ್ಲಿ ನಡೆಯತಕ್ಕದ್ದು. ಹಿನ್ನೆಲೆ ಕಪ್ಪಾಗುವುದೆಂದರೆ ಹಾಡಿನ ಹಿಂದೆ ಹಾಡಲ್ಲದ್ದು ಏನೂ ಕೇಳಿಸದಿರುವುದು. ಮೇಷ್ಟ್ರ ಮನೆಯನ್ನು ಪರಿಶೀಲನಾ ಸಮಿತಿ ಹನ್ನೊಂದು ವರ್ಷ ನೋಡಿ, ಹನ್ನೊಂದು ವರ್ಷವೂ ಒಂದೇ ಷರಾ ಬರೆದಿತ್ತು: "ಹಿನ್ನೆಲೆ: ಬೂದು."

ಬೂದು ಯಾಕೆಂದರೆ ಕೊಳೆ. ರೂಟರಿನಿಂದ ತಾಮ್ರದ ತಂತಿಯಲ್ಲಿ ಹಾಡು ಬರುವಾಗ ಅದರ ಬೆನ್ನಿಗೆ ಕರೆಂಟಿನ ಕೊಳೆಯೂ ಬರುತ್ತದಂತೆ. ನಡುವೆ ಒಂದು ಗಾಜಿನ ಎಳೆ ಹಾಕಿದರೆ ಬೆಳಕು ಮಾತ್ರ ದಾಟುತ್ತದೆ, ಕೊಳೆ ಆಚೆಯೇ ಉಳಿಯುತ್ತದೆ. ಇಷ್ಟು ನನಗೆ ಅರ್ಥವಾದದ್ದು. ತಪ್ಪಿದ್ದರೆ ಮನ್ನಿಸಿ, ನಾನು ಇದೇ ಮೇಷ್ಟ್ರ ಕೈಕೆಳಗೆ ಭೂಗೋಳದಲ್ಲಿ ಎರಡು ಸಲ ಫೇಲಾದವನು.

ಮೇಷ್ಟ್ರು ಗಾಜಿನ ಎಳೆ ತಂದರು. ಕರೆಂಟನ್ನು ಬೆಳಕು ಮಾಡಲು ಈ ತುದಿಗೊಂದು ಪೆಟ್ಟಿಗೆ, ಬೆಳಕನ್ನು ಮತ್ತೆ ಕರೆಂಟು ಮಾಡಲು ಆ ತುದಿಗೊಂದು ಪೆಟ್ಟಿಗೆ. ಪೆಟ್ಟಿಗೆಗಳಿಗೆ ಅಡಾಪ್ಟರ್ ಬೇಕು. ಅಡಾಪ್ಟರ್ ಎಂದರೇ ಕೊಳೆ. ಅದನ್ನು ತೊಳೆಯಲು ಮೂರನೇ ಪೆಟ್ಟಿಗೆ, ಮೂರನೆಯದಕ್ಕೆ ಅಡಾಪ್ಟರ್. ಹೀಗೆ ಒಂಬತ್ತರವರೆಗೆ ಹೋಗಿ, ಮೇಜಿನಲ್ಲಿ ಜಾಗವಿಲ್ಲದ ಕಾರಣ ವಿಜ್ಞಾನ ಅಲ್ಲಿಗೆ ನಿಂತಿತು.

ಆಗ ಮೇಷ್ಟ್ರಿಗೆ ಹೊಳೆಯಿತು: ಬೆಳಕಿಗೆ ನಡೆದು ಸುಸ್ತಾಗುವುದಿಲ್ಲವಲ್ಲ, ಹಾಗಿದ್ದ ಮೇಲೆ ಕೊಳೆಯ ಮೂಲವಾದ ರೂಟರ್ ನಮ್ಮ ಮನೆಯಲ್ಲೇ ಯಾಕಿರಬೇಕು? ಎದುರು ಮನೆಯ ಬು ಎತಿ ಎಂಬ ವಿಧವೆಯ ಮನೆಯಲ್ಲಿರಲಿ.

ಗಾಜಿನ ಎಳೆ ಗಲ್ಲಿ ದಾಟಬೇಕಾದ್ದರಿಂದ ಸಂಘದ ಅಧ್ಯಕ್ಷ ಪಾಕ್ ಓಜಾಕ್ ಅವರ ಜಗಲಿಗೆ ಅರ್ಜಿ ಹೋಯಿತು.

"ಮೇಷ್ಟ್ರೇ, ಗದ್ದಲಕ್ಕೆ ಫಾರಂ ಇದೆ. ಮದುವೆ ಗದ್ದಲ, ಚುನಾವಣೆ ಗದ್ದಲ. ಮೌನಕ್ಕೆ ಫಾರಂ ಇಲ್ವಲ್ಲ."

"ಗದ್ದಲದ್ದನ್ನೇ ಕೊಡಿ ಪಾಕ್. ಗದ್ದಲ ಅನ್ನೋ ಕಡೆ ಇಲ್ಲ ಅಂತ ಬರೀತೀನಿ."

"ಗದ್ದಲವೇ ಇಲ್ಲದವರು ಅನುಮತಿ ಯಾಕೆ ಕೇಳ್ತೀರಿ ಅಂತ ಮೇಲಿನವರು ಎಗರಾಡ್ತಾರೆ. ಸ್ವಲ್ಪನಾದ್ರೂ ತೋರಿಸ್ಬೇಕು."

ಕೊನೆಗೆ ಹೀಗೆ ತುಂಬಲಾಯಿತು. ಗದ್ದಲದ ವಿಧ: ಮೌನ. ಅವಧಿ: ಶಾಶ್ವತ. ಮುಗಿಯುವ ಸಮಯ: ಮುಗಿದಾಗ ತಿಳಿಸಲಾಗುವುದು.

ನಿಯಮದಂತೆ ಎಡ, ಬಲ, ಹಿಂದೆ, ಮುಂದೆ ನಾಲ್ಕೂ ಮನೆಯವರು ಗದ್ದಲವನ್ನು ಖುದ್ದಾಗಿ ಕೇಳಿ ಒಪ್ಪಿಗೆಯ ಸಹಿ ಹಾಕಬೇಕು. ಬಂದರು. ಮೇಷ್ಟ್ರು ಒಂದೇ ಹಾಡನ್ನು ಒಮ್ಮೆ ತಾಮ್ರದಲ್ಲಿ, ಒಮ್ಮೆ ಗಾಜಿನಲ್ಲಿ ಕೇಳಿಸಿದರು.

"ಎರಡನೇದೇ ಚೆನ್ನಾಗಿತ್ತು," ಎಂದರು ಬು ಎತಿ. "ಅಷ್ಟೊತ್ತಿಗೆ ಬಿಸಿಬಿಸಿ ಕರಿದ ಬತಾಗೋರ್ ತಟ್ಟೇನೂ ಬಂದಿತ್ತು."

ಸಹಿ ಬಿತ್ತು. ಮೇಷ್ಟ್ರಿಗೆ ಮಾತ್ರ ಎರಡೂ ಒಂದೇ ಥರ ಕೇಳಿಸಿತ್ತು. ನನ್ನ ಕಿವಿ ಇರುವುದು ಕನ್ನಡಕ ಕೂರಿಸೋಕೇ ಇರಬೇಕು ಎಂದುಕೊಂಡರು. ಆದರೆ ಮೂವತ್ತು ವರ್ಷ ತಾವು ಕಾಣದ ಸಮುದ್ರಗಳನ್ನೆಲ್ಲ ಕೋಲು ಹಿಡಿದು ತೋರಿಸಿದವರಿಗೆ, ಕೇಳಿಸದ ವ್ಯತ್ಯಾಸ ತೋರಿಸುವುದು ಕಷ್ಟವಾಗಲಿಲ್ಲ.

ರೂಟರ್ ಹೋದ ಮೇಲೆ ಫ್ರಿಜ್ಜಿನ ಗುಂಯ್ ಎದ್ದು ಕೇಳಿಸತೊಡಗಿತು.

"ರೀ, ಫ್ರಿಜ್ಜಿಗೂ ಹಾಡಿಗೂ ಏನ್ರೀ ಸಂಬಂಧ?" ಎಂದು ಹೆಂಡತಿ ನಿನಿಂಗ್ ಸೊಂಟಕ್ಕೆ ಕೈಯಿಟ್ಟರು.

"ಅದು ಗುಂಯ್ ಅಂದಾಗೆಲ್ಲ ವೈರಲ್ಲಿ ಕೊಳೆ ಬರುತ್ತೆ."

"ನೀವು ಗೊರಕೆ ಹೊಡೆದಾಗ ಬರಲ್ವಾ?"

"ನನ್ನನ್ನ ಪ್ಲಗ್ಗಿಗೆ ಹಾಕಿಲ್ವಲ್ಲ ಮಾರಾಯ್ತಿ."

"ಹಾಕಿದ್ರೆ ಚೆನ್ನಾಗಿತ್ತು. ಆಫ್ ಮಾಡಬಹುದಿತ್ತು. ಕೇಳಿಸ್ಕೊಳ್ಳಿ, ಫ್ರಿಜ್ ಹೋದ್ರೆ ಅದರ ಹಿಂದೇನೇ ನಾನೂ ಹೋಗ್ತೀನಿ."

ಮೇಷ್ಟ್ರು ತಲೆ ತಗ್ಗಿಸಿದರು. "ಹನ್ನೊಂದು ವರ್ಷ, ನಿನಿಂಗ್. ಬೇರೆಯವರ ಮನೇಲಿ ಚಾಪೆ ಮೇಲೆ ಕೂತು ಕೇಳಿ, ತಲೆದೂಗಿ ಬಂದೆ. ಒಂದೇ ಒಂದ್ಸಲ ಅವರೆಲ್ಲ ನಮ್ಮನೆಗೆ ಬಂದು ಕೂರಲಿ ಅಂತ ಆಸೆ."

ನಿನಿಂಗ್ ತಾವೇ ಹೋಗಿ ಫ್ರಿಜ್ಜಿನ ಪ್ಲಗ್ ಕಿತ್ತರು. ಮಾತಿಗೆ ತಪ್ಪುವವರಲ್ಲವಾದ್ದರಿಂದ ದಿಂಬು ತೆಗೆದುಕೊಂಡು ಅದರ ಹಿಂದೆಯೇ ಬು ಎತಿಯ ಮನೆಗೂ ಹೋದರು. ಮರುದಿನ ಗಲ್ಲಿಯ ಫಲಕದಲ್ಲಿ ಪ್ರಕಟಣೆ ಕಂಡಿತು:

"ಈ ಮೂಲಕ ಸಮಸ್ತ ನಿವಾಸಿಗಳಿಗೆ ತಿಳಿಯಪಡಿಸುವುದೇನೆಂದರೆ, ಶ್ರೀ ಸೋಬರ್ನಾ ಅವರ ಮನೆಯ ರೂಟರ್, ಫ್ರಿಜ್, ಅನ್ನದ ಕುಕ್ಕರ್, ಫ್ಯಾನ್ ಎರಡು, ನೀರಿನ ಪಂಪು ಹಾಗೂ ಪತ್ನಿಯವರು ಎದುರು ಮನೆಗೆ ಸ್ಥಳಾಂತರಗೊಂಡಿರುತ್ತಾರೆ. ಸದರಿಯವರನ್ನು ಹುಡುಕಿಕೊಂಡು ಮೂಲ ಮನೆಯ ಬಾಗಿಲು ಬಡಿಯುವುದು ಬಡಿತವೆಂದು ಪರಿಗಣಿಸಲ್ಪಡುವುದು."

ಪರಿಗಣಿಸಿದರೆ ಏನಾಗುತ್ತದೆಂದು ಯಾರೂ ಕೇಳಲಿಲ್ಲ. ನಮ್ಮ ಗಲ್ಲಿಯವರು ಕಾನೂನಿಗೆ ಗೌರವ ಕೊಡುವವರು.

ಭಾನುವಾರ ಮೂವರ ಸಮಿತಿ ಬಂತು. ಮುಖ್ಯಸ್ಥರು ಪಾಕ್ ಗುಮೆಲಾರ್. ಅವರು ಯಾವ ಯಂತ್ರದಿಂದಲೂ ಅಳೆಯುವುದಿಲ್ಲ, ಕಣ್ಣು ಮುಚ್ಚುತ್ತಾರೆ.

"ರೂಟರ್ ಎಲ್ಲಿ?"

"ಎದುರು ಮನೇಲಿ."

"ಫ್ರಿಜ್?"

"ಎದುರು ಮನೇಲಿ."

"ಮನೆಯವರು?"

"ಫ್ರಿಜ್ ಜೊತೆ."

"ಭೇಷ್! ಇಂಥ ಶ್ರದ್ಧೆ ಸುರಬಾಯಾದಲ್ಲೂ ನೋಡಿಲ್ಲ," ಎಂದು ಪಾಕ್ ಗುಮೆಲಾರ್ ಕಣ್ಣು ಮುಚ್ಚಿದರು. ಹಾಡು ಶುರುವಾಯಿತು. ಅರ್ಧಕ್ಕೆ ಬೆರಳೆತ್ತಿದರು. "ಇಲ್ಲೆಲ್ಲೋ ಇನ್ನೂ ಬೂದು ಇದೆ. ಗುರ್ ಅಂತಿದೆ."

ಹುಡುಕಿದರು. ಗುರ್ ಎನ್ನುತ್ತಿದ್ದುದು ಮೇಷ್ಟ್ರ ಹೊಟ್ಟೆ. ಕುಕ್ಕರ್ ಎದುರು ಮನೆಯಲ್ಲಿದ್ದುದರಿಂದ ಬೆಳಗ್ಗಿನಿಂದ ಏನೂ ತಿಂದಿರಲಿಲ್ಲ.

"ಮೇಷ್ಟ್ರೇ, ತಪ್ಪು ತಿಳೀಬೇಡಿ. ಈ ಮನೇಲಿ ಉಳಿದಿರೋ ಕೊಳೆ ನೀವೊಬ್ಬರೇ."

"ತಪ್ಪೇನು ಪಾಕ್, ನನಗೂ ಮೊದಲಿಂದ ಅನುಮಾನ ಇತ್ತು," ಎಂದು ಮೇಷ್ಟ್ರು ವಿನಯದಿಂದ ಚಪ್ಪಲಿ ಮೆಟ್ಟಿ ಎದುರು ಮನೆಗೆ ಹೋದರು. ನಿನಿಂಗ್ ಅನ್ನ ಬಡಿಸಿದರು.

ಒಳಗೆ ಸಮಿತಿ ಮತ್ತೆ ಕೇಳಿತು. ಈಗ ಸದಸ್ಯರೊಬ್ಬರ ಉಸಿರು ಕೇಳಿಸಿತು. ಅವರು ಹೊರಬಂದರು. ಇನ್ನೊಬ್ಬರ ಮಂಡಿ ಲಟಕ್ಕೆಂದಿತು. ಅವರೂ ಬಂದರು. ಕೊನೆಗೆ ಪಾಕ್ ಗುಮೆಲಾರ್ ತಮ್ಮನ್ನೇ ತಾವು ಪತ್ತೆಹಚ್ಚಿ, ಸ್ವಯಂಪ್ರೇರಿತರಾಗಿ ಹೊರಬಂದು ಬಾಗಿಲು ಎಳೆದುಕೊಂಡರು. ಷರಾ ಬರೆದರು: "ಹಿನ್ನೆಲೆ: ಕಪ್ಪು. ವಾರ್ಷಿಕ ಸಭೆಗೆ ಅರ್ಹ. ಯಾರೂ ಒಳಹೋಗದಿದ್ದಲ್ಲಿ."

ಸಭೆ ವಿಜೃಂಭಣೆಯಿಂದ ನಡೆಯಿತು. ಗಲ್ಲಿಯಲ್ಲಿ ನಲವತ್ತು ಕುರ್ಚಿ ಹಾಕಿ, ಮುಚ್ಚಿದ ಬಾಗಿಲಿಗೆ ಮುಖ ಮಾಡಿ, ನಲವತ್ತು ಜನ ಕಣ್ಣು ಮುಚ್ಚಿ ಕೂತರು. ಒಳಗೆ ಹಾಡು ಯಾರಿಗೂ ತೊಂದರೆಯಾಗದಂತೆ ಹಾಡಿಕೊಂಡಿತು. ಹಲವರ ಕಣ್ಣು ತೇವವಾಯಿತು. ಎಲ್ಲರೂ ಎದ್ದು ಬಂದು ಮೇಷ್ಟ್ರ ಕೈ ಕುಲುಕಿದರು.

ಇದು ನಾನು ಕಟ್ಟಿದ ಕೊನೆ. ನಿಜದಲ್ಲಿ ಸಮಿತಿಯವರು ಆ ಭಾನುವಾರ ಬಂದು, ಅರ್ಧ ಹಾಡು ಕೇಳಿ, "ಬೂದು" ಎಂದು ಬರೆದು, ಊಟ ಮುಗಿಸಿ ಹೋದರು. ಹನ್ನೆರಡನೇ ಸಲ. ಮೇಷ್ಟ್ರ ಮುಖ ನೋಡಲಾಗದೆ ನಾನು ಗಲ್ಲಿಯಲ್ಲಿ ಈ ಥರ ಹೇಳಿಕೊಂಡು ತಿರುಗಿದೆ. ಒಂದು ವಾರದಲ್ಲಿ ಎಲ್ಲರೂ ಹೌದಪ್ಪ, ನಾವೂ ಅಲ್ಲೇ ಕೂತಿದ್ವಿ, ಎಂಥಾ ಸಭೆ ಎನ್ನತೊಡಗಿದರು. ಮೊನ್ನೆ ಮೇಷ್ಟ್ರೇ ನನ್ನನ್ನು ನಿಲ್ಲಿಸಿ, ಕುರ್ಚಿ ನಲವತ್ತಲ್ಲ ಕಣೋ, ನಲವತ್ತೆರಡು ಎಂದು ತಿದ್ದಿದರು.